8000 ಸೈಜಿನ ರೀಲು: ಮಲ್ಪೆ ಕಡಲಲ್ಲಿ ನಾಲ್ಕು ಸೀಸನ್ ಆದ ಮೇಲೆ

ಗಾಳದಲ್ಲಿ ಮೀನು ಹಿಡಿಯಲು ಈ ರೀಲು ಬಳಸಿದ ಜಾಗ ಮಲ್ಪೆ ಅಳಿವೆಯ ಹೊರಗೆ, 20ರಿಂದ 30 ಮೀಟರ್ ಆಳದಲ್ಲಿ. ಔಟ್‌ಬೋರ್ಡ್ ಎಂಜಿನ್ನಿನ ಫೈಬರ್ ದೋಣಿ. ಅಕ್ಟೋಬರಿನಿಂದ ಮೇವರೆಗೆ ತಿಂಗಳಿಗೆ ಎರಡು ಮೂರು ಸಲ, ಹೆಚ್ಚಾಗಿ ಜಿಗ್ಗಿಂಗ್ (ಜಿಗ್ ಎಂಬ ಲೋಹದ ಹುಸಿಮೀನನ್ನು ತಳಕ್ಕಿಳಿಸಿ ಎತ್ತುವುದು), ನಡುನಡುವೆ ಟ್ರೋಲಿಂಗ್ (ಓಡುವ ದೋಣಿಯ ಹಿಂದೆ ಗಾಳ ಎಳೆಯುವುದು). ರೀಲಿನ ಜೊತೆಗೆ ಆರೂವರೆ ಅಡಿಯ ಜಿಗ್ಗಿಂಗ್ ರಾಡ್, ಪಿಇ 4 ದಪ್ಪದ ಬ್ರೇಡ್ (ಹೆಣೆದ ಲೈನು) 300 ಮೀಟರ್, ಅದರ ತುದಿಗೆ ಕಟ್ಟುವ 60 ಪೌಂಡಿನ ಲೀಡರ್, 60ರಿಂದ 100 ಗ್ರಾಮಿನ ಜಿಗ್‌ಗಳು.

ರೀಲು ಮಧ್ಯಮ ಬೆಲೆಯ ಸ್ಪಿನ್ನಿಂಗ್ ರೀಲು. ಕಂಪನಿಯ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಈ ಬೆಲೆಯ ರೀಲುಗಳ ಹೊಟ್ಟೆ ಬಿಚ್ಚಿ ನೋಡಿದರೆ ವ್ಯತ್ಯಾಸ ಕಡಿಮೆ, ಉಪ್ಪುನೀರಿನಲ್ಲಿ ಅವು ಕೈಕೊಡುವ ಕ್ರಮವೂ ಹೆಚ್ಚುಕಡಿಮೆ ಒಂದೇ. ಮೊದಲು ಲೈನ್ ರೋಲರ್, ಆಮೇಲೆ ಡ್ರ್ಯಾಗ್ (ಮೀನು ಎಳೆದಾಗ ಲೈನನ್ನು ಹಿಡಿದು ಹಿಡಿದು ಬಿಡುವ ಬ್ರೇಕು), ಅದರ ಹಿಂದೆ ಕ್ಲಚ್. ಗೇರು ಎಲ್ಲಕ್ಕಿಂತ ಕೊನೆಗೆ. ಅಂಗಡಿಯಲ್ಲಿ ಮಾತ್ರ ಮಾತೆಲ್ಲ ಗೇರು ಮತ್ತು ಬೇರಿಂಗ್ ಲೆಕ್ಕದ ಬಗ್ಗೆಯೇ.

ಡಬ್ಬಿಯ ಮೇಲೆ ಹತ್ತು ಬೇರಿಂಗ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ದೋಣಿಯಲ್ಲಿ ಮೀನು ಹಿಡಿಯುವವನಿಗೆ ಮುಖ್ಯವಾದದ್ದು ಆ ಸಂಖ್ಯೆಯಲ್ಲ, ಬೇಲ್ (ಲೈನನ್ನು ಹಿಡಿದು ಸುತ್ತುವ ತಂತಿಯ ಕಮಾನು) ತುದಿಯ ಲೈನ್ ರೋಲರ್ ಒಳಗೆ ಕೂತಿರುವ ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡ ಬೇರಿಂಗ್. ಒದ್ದೆ ಲೈನು ನೇರವಾಗಿ ಅದರ ಮೇಲೆಯೇ ಹಾದು ಬರುತ್ತದೆ. ಪ್ರತಿ ಸುತ್ತಿಗೂ ಉಪ್ಪುನೀರು ಅಲ್ಲಿ ಹಿಂಡಿದಂತಾಗಿ ಒಳಗೆ ಇಳಿಯುತ್ತದೆ, ಒಣಗಿದಾಗ ಉಪ್ಪಿನ ಹರಳು ಉಳಿಯುತ್ತದೆ. ಮೊದಲ ಸೀಸನ್ ಮುಗಿಯುವ ಹೊತ್ತಿಗೇ ಈ ಬೇರಿಂಗ್ ಕಚ್ಚಿಕೊಂಡಿತ್ತು.

ಕಷ್ಟವೇನೆಂದರೆ ರೋಲರ್ ನಿಂತದ್ದು ಹ್ಯಾಂಡಲಿನಲ್ಲಿ ಗೊತ್ತಾಗುವುದಿಲ್ಲ. ರೀಲು ಸಲೀಸಾಗಿ ತಿರುಗುತ್ತಲೇ ಇರುತ್ತದೆ. ಲೈನು ಮಾತ್ರ ತಿರುಗದ ಲೋಹದ ಮೇಲೆ ಉಜ್ಜಿ ಉಜ್ಜಿ ನವಿರು ಎದ್ದು, ಹೊಸೆದುಕೊಂಡು, ಕೊನೆಗೆ ದೊಡ್ಡ ಮೀನಿಗೇ ಕಡಿಯುತ್ತದೆ. ಜನ ಬ್ರೇಡನ್ನು ಬೈಯುತ್ತಾರೆ. ಪರೀಕ್ಷೆ ಸುಲಭ: ರೋಲರ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ. ಲೈನಿನ ತುದಿಗೆ ಅರ್ಧ ಕಿಲೋ ಭಾರ ಕಟ್ಟಿ ನಿಧಾನಕ್ಕೆ ಸುತ್ತಿ. ಚುಕ್ಕೆ ತಿರುಗಬೇಕು. ಭಾರವಿಲ್ಲದೆ ಬರೀ ಬೆರಳಲ್ಲಿ ತಳ್ಳಿ ನೋಡುವುದು ಪರೀಕ್ಷೆಯಲ್ಲ.

ಬಿಚ್ಚುವಾಗ ಬಿಳಿ ತಟ್ಟೆಯ ಮೇಲೆ ಬಿಚ್ಚಿ. ಒಂದೇ ಸ್ಕ್ರೂ, ಆದರೆ ಅದರ ಹಿಂದೆ ಎರಡೋ ಮೂರೋ ತೆಳು ವಾಷರ್‌ಗಳಿರುತ್ತವೆ, ಅವುಗಳ ಕ್ರಮ ತಪ್ಪಿದರೆ ರೋಲರ್ ಬಿಗಿಯಾಗುತ್ತದೆ. ಹಾಗಾಗಿ ಒಂದೊಂದು ತೆಗೆದಾಗಲೂ ಮೊಬೈಲಿನಲ್ಲಿ ಒಂದು ಫೋಟೋ. ಸ್ಕ್ರೂಗೆ ಕಂಪನಿಯವರು ಅಂಟು ಹಾಕಿರುತ್ತಾರೆ. ಸ್ಕ್ರೂಡ್ರೈವರಿನ ಮೊನೆ ಸರಿಯಾಗಿ ಕೂರದಿದ್ದರೆ ತಲೆ ಸವೆದು ಹೋಗುತ್ತದೆ, ಆಮೇಲೆ ಬೇಲ್ ಆರ್ಮನ್ನೇ ಬದಲಿಸಬೇಕು. ಬೇರಿಂಗನ್ನು ಸ್ವಲ್ಪ ಪೆಟ್ರೋಲಿನಲ್ಲಿ ನೆನೆಸಿ, ಒಣಗಿಸಿ, ಕಡ್ಡಿಯ ತುದಿಗೆ ಸಿಕ್ಕಿಸಿ ತಿರುಗಿಸಿ. ಮರಳು ಉಜ್ಜಿದ ಸದ್ದು ಬಂದರೆ ಅದರ ಆಯುಸ್ಸು ಮುಗಿಯಿತು. ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಈ ಮೂರನ್ನೂ ಕ್ಯಾಲಿಪರಿನಲ್ಲಿ ಅಳೆದು ಅದೇ ಅಳತೆಯ ಸ್ಟೇನ್‌ಲೆಸ್ ಬೇರಿಂಗ್ ತರಿಸಿದರೆ ಸಾಕು, ಕಂಪನಿಯದೇ ಆಗಬೇಕಿಲ್ಲ. ಹಾಕುವಾಗ ತೆಳು ಎಣ್ಣೆಯ ಬದಲು ಮರೀನ್ ಗ್ರೀಸ್ ತುಂಬಿ. ಹಗುರ ಮೀನಿಗೆ ರೋಲರ್ ಸ್ವಲ್ಪ ಭಾರ ಅನಿಸಬಹುದು, ಆದರೆ 80 ಗ್ರಾಮಿನ ಜಿಗ್ ಎಳೆಯುವಾಗ ಆ ಭಾರಕ್ಕೆ ಅರ್ಥವಿಲ್ಲ. ನೀರು ಒಳಗಿಳಿಯುವುದು ಮಾತ್ರ ಚೆನ್ನಾಗಿ ಕಡಿಮೆಯಾಗುತ್ತದೆ. ಗ್ರೀಸ್ ತುಂಬಿದ ಬೇರಿಂಗ್ ಎರಡು ಸೀಸನ್ ಬಾಳಿತು.

ದೋಣಿಯಲ್ಲಿ ಕೈಗೆ ಸಿಗುವುದು ಸೀಮೆಎಣ್ಣೆ, ಮನೆಯಲ್ಲಿ ತೆಂಗಿನೆಣ್ಣೆ. ಎರಡನ್ನೂ ರೀಲಿಗೆ ಹಾಕುವವರಿದ್ದಾರೆ. ಸೀಮೆಎಣ್ಣೆ ಇದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ, ತೆಂಗಿನೆಣ್ಣೆ ಬರುಬರುತ್ತ ಅಂಟಾಗಿ ಧೂಳು ಹಿಡಿಯುತ್ತದೆ. ಹ್ಯಾಂಡಲ್ ಗುಬುಟಿಗೆ, ಬೇಲ್ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಸಾಕು.

ಇನ್ನು ಡ್ರ್ಯಾಗ್. ಕಂಪನಿ ಹೇಳುವ ಗರಿಷ್ಠ 12 ಕಿಲೋ. ಆ ಸಂಖ್ಯೆಯನ್ನು ಮರೆತುಬಿಡಬಹುದು, ಅಷ್ಟು ಬಿಗಿ ಮಾಡಿದರೆ ರೀಲಿಗಿಂತ ಮೊದಲು ಗಾಳವೋ ಗಂಟೋ ಹೋಗುತ್ತದೆ. ನೋಡಬೇಕಾದದ್ದು ಓಟದ ಶುರು. ನಿಂತ ಸ್ಪೂಲು (ಲೈನು ಸುತ್ತಿರುವ ಉರುಳೆ) ಚಲಿಸಲು ಬೇಕಾದ ಎಳೆತಕ್ಕೂ ಚಲಿಸಿದ ಮೇಲೆ ಬೇಕಾದ ಎಳೆತಕ್ಕೂ ಅಂತರ ಹೆಚ್ಚಿದ್ದರೆ ಅಂಜಲ್ ಮೀನು ಹೊಡೆದ ಆ ಕ್ಷಣದಲ್ಲೇ ಲೈನು ಕಡಿಯುತ್ತದೆ. ಹೊಸದರಲ್ಲಿ ಈ ರೀಲು ಇಲ್ಲಿ ಬಹಳ ಚೆನ್ನಾಗಿತ್ತು. ಎರಡನೇ ಸೀಸನ್ನಿನ ಕೊನೆಗೆ ತಡೆತಡೆದು ಬಿಡತೊಡಗಿತು. ಸ್ಪೂಲು ತೆಗೆದು ತಂತಿಯ ಬಳೆ ಬಿಡಿಸಿ ನೋಡಿದರೆ ಕಾರ್ಬನ್ ವಾಷರ್‌ಗಳು ಒಣಗಿ ಬಿಳಿಚಿಕೊಂಡಿದ್ದವು. ನಡುವಿನ ಲೋಹದ ತಟ್ಟೆಗಳಲ್ಲಿ ತುಕ್ಕಿನ ಚುಕ್ಕೆ. ಸಿಹಿನೀರಲ್ಲಿ ತೊಳೆದು ಒಣಗಿಸಿ, ಡ್ರ್ಯಾಗ್ ಗ್ರೀಸನ್ನು ಬೆರಳಲ್ಲಿ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿದ ಮೇಲೆ ಮತ್ತೆ ಮೊದಲಿನಂತಾಯಿತು. ಬೈಕಿನ ಗ್ರೀಸ್ ಇಲ್ಲಿ ನಡೆಯುವುದಿಲ್ಲ, ಬಿಸಿಯಾದಾಗ ತೆಳುವಾಗಿ ಹಿಡಿತ ತಪ್ಪುತ್ತದೆ.

ಬಿಗಿಯನ್ನು ಅಂದಾಜಿನಲ್ಲಿ ಇಡುವವರೇ ಹೆಚ್ಚು. ಲಗೇಜು ತೂಗುವ ಕೈತಕ್ಕಡಿ ಸಾಕು. ಲೈನನ್ನು ರಾಡಿನ ಎಲ್ಲ ಬಳೆಗಳಲ್ಲಿ ಹಾಯಿಸಿ, ರಾಡನ್ನು ಓರೆಯಾಗಿ ಹಿಡಿದು, ಇನ್ನೊಬ್ಬರು ತಕ್ಕಡಿಯಿಂದ ಎಳೆಯಬೇಕು, ಬಳೆಗಳ ಉಜ್ಜುವಿಕೆಯೂ ಲೆಕ್ಕಕ್ಕೆ ಬರಲೆಂದು. ಸಾಮಾನ್ಯವಾಗಿ ಲೈನಿನ ತಾಕತ್ತಿನ ಕಾಲು ಭಾಗ ಎನ್ನುತ್ತಾರೆ. ಈ ಬ್ರೇಡಿನ ತಾಕತ್ತು 50 ಪೌಂಡ್ ಎಂದಿಟ್ಟುಕೊಂಡರೆ 22 ಕಿಲೋ ಚಿಲ್ಲರೆ, ಕಾಲು ಭಾಗ ಐದೂವರೆ ಕಿಲೋ. ಬಂಡೆಯ ಸಂದಿಗೆ ನುಗ್ಗುವ ಮುರು ಮೀನಿಗೆ ಅದು ಸರಿ. ಅಂಜಲ್‌ಗೆ ಮೂರೂವರೆ ಕಿಲೋ ಸಾಕು. ಅದು ಬಂಡೆಗೆ ಓಡುವುದಿಲ್ಲ, ಬಯಲಲ್ಲಿ ಓಡುತ್ತದೆ, ಬಿಗಿ ಹಿಡಿದರೆ ಬಾಯಿಯ ಅಂಚು ಹರಿದು ಗಾಳ ಕಳಚುತ್ತದೆ. ಇನ್ನೊಂದು ವಿಷಯ ನೆನಪಿರಲಿ: ಲೈನು ಹೊರಗೆ ಹೋದಷ್ಟೂ ಸ್ಪೂಲಿನ ಸುತ್ತಳತೆ ಕಿರಿದಾಗುತ್ತದೆ, ಡ್ರ್ಯಾಗಿನ ಗುಬುಟಿ ಮುಟ್ಟದಿದ್ದರೂ ಅದು ಬಿಗಿಯಾಗುತ್ತ ಹೋಗುತ್ತದೆ. ವ್ಯಾಸ ಅರ್ಧವಾದರೆ ಎಳೆತ ಎರಡರಷ್ಟು. ಮೀನು ದೂರ ಓಡಿದಾಗ ಬಿಗಿ ಮಾಡುವ ಚಪಲ ಎಲ್ಲರಿಗೂ ಇರುತ್ತದೆ. ಸಡಿಲಿಸಬೇಕಾದದ್ದೇ ಆಗ.

ಮೂರನೆಯದು ಕ್ಲಚ್, ಅಂದರೆ ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್‌ಗಳ ಬಳೆ. ಮೂರನೇ ಸೀಸನ್ನಿನಲ್ಲಿ ಒಮ್ಮೊಮ್ಮೆ ಜಾರತೊಡಗಿತು. ಇದು ಉಪ್ಪಿನ ಕೆಲಸವಲ್ಲ, ಸರ್ವೀಸಿನ ಕೆಲಸ. ಗೇರಿಗೆ ಧಾರಾಳವಾಗಿ ಹಾಕಿದ ಗ್ರೀಸ್ ಬಿಸಿಲಿಗೆ ಇಳಿದು ಇದರೊಳಗೆ ಸೇರಿತ್ತು. ಗ್ರೀಸಿನ ನಡುವೆ ಚಿಕ್ಕ ಸ್ಪ್ರಿಂಗ್‌ಗಳಿಗೆ ರೋಲರನ್ನು ಸಮಯಕ್ಕೆ ತಳ್ಳಲು ಬಲ ಸಾಲುವುದಿಲ್ಲ. ಮೀನು ಹೊಡೆದಾಗ ಹ್ಯಾಂಡಲ್ ಹಿಂದಕ್ಕೆ ಚಿಮ್ಮಿ ಬೆರಳ ಗೆಣ್ಣಿಗೆ ಬಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಒಂದೇ ಒಂದು ಹನಿ ತೆಳು ಎಣ್ಣೆ. ಈ ಜಾಗಕ್ಕೆ ಗ್ರೀಸ್ ಯಾವತ್ತೂ ಬೇಡ.

ಗೇರಿನ ಬಗ್ಗೆ ನನ್ನ ತಕರಾರು ಸವೆತದ್ದಲ್ಲ, ವೇಗದ್ದು. ಹ್ಯಾಂಡಲಿನ ಒಂದು ಸುತ್ತಿಗೆ ಬರುವುದು ಸುಮಾರು 1 ಮೀಟರ್. ತಳದ ಜಿಗ್ಗಿಂಗಿಗೆ ಇದು ಹಿತ: ಜಿಗ್ ನೆಲ ಮುಟ್ಟಿದ ಮೇಲೆ ಹತ್ತು ಸುತ್ತು ಎತ್ತಿ ಮತ್ತೆ ಬಿಟ್ಟರೆ ತಳದ ಹತ್ತು ಮೀಟರನ್ನು ಜಾಲಾಡಿದಂತೆ. ಆದರೆ ಮೇಲ್ಮೈಯಲ್ಲಿ ಬೂತಾಯಿ ಮೀನನ್ನು ಅಟ್ಟುತ್ತಿರುವ ಅಂಜಲ್ ಗುಂಪಿಗೆ ಲೋಹದ ಜಿಗ್ ಎಸೆದರೆ ಕತೆಯೇ ಬೇರೆ. ಟ್ರೋಲಿಂಗಿನಲ್ಲಿ ದೋಣಿ 5 ನಾಟ್ ಓಡಿದರೆ ಸೆಕೆಂಡಿಗೆ ಎರಡೂವರೆ ಮೀಟರಿಗೂ ಹೆಚ್ಚು. ಅದೇ ವೇಗ ಕೈಯಲ್ಲಿ ಬರಬೇಕಾದರೆ ಸೆಕೆಂಡಿಗೆ ಎರಡೂವರೆ ಸುತ್ತು, ಹತ್ತು ಎಸೆತಕ್ಕೆ ಮುಂಗೈ ಸೋಲುತ್ತದೆ. ಎಸೆಯುವುದೇ ಮುಖ್ಯ ಎನ್ನುವವರು ಇದೇ ಸೈಜಿನಲ್ಲಿ ಹೈ ಗೇರಿನದು ನೋಡಿ.

ಲೈನಿಗೆ ಸಂಬಂಧಿಸಿದ್ದು ಎರಡು ಮಾತು. ಪಿಇ ಸಂಖ್ಯೆ ದಪ್ಪದ ಲೆಕ್ಕ: ಪಿಇ 1 ಎಂದರೆ 0.165 ಮಿಮೀ, ಪಿಇ 4 ಎಂದರೆ 0.33 ಮಿಮೀ. ಡಬ್ಬಿಯ ಪೌಂಡ್ ನಂಬುವುದಕ್ಕಿಂತ ಇದನ್ನು ನೋಡಿ ಕೊಳ್ಳುವುದು ಮೇಲು. ಬರೀ ಸ್ಪೂಲಿಗೆ ಬ್ರೇಡ್ ಸುತ್ತಿದರೆ ಇಡೀ ಸುರುಳಿಯೇ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆಯೆಂದು ಭ್ರಮೆ ಹುಟ್ಟುತ್ತದೆ. ಅಡಿಗೆ ಹತ್ತು ಮೀಟರ್ ನೈಲಾನಿನ ತಂಗೂಸ ಸುತ್ತಿ ಅದರ ಮೇಲೆ ಬ್ರೇಡ್ ಬರಲಿ. ಹತ್ತು ಮೀಟರಿಗೊಂದು ಬಣ್ಣ ಬದಲಾಗುವ ಬ್ರೇಡ್ ದುಬಾರಿಯಾದರೂ ತೆಗೆದುಕೊಳ್ಳಿ. ದೋಣಿಯವರು ಆಳವನ್ನು ಮಾರಿನಲ್ಲಿ ಹೇಳುತ್ತಾರೆ, 14 ಮಾರು ಎಂದರೆ 25 ಮೀಟರ್, ಅಂದರೆ ಎರಡೂವರೆ ಬಣ್ಣ. ಎರಡು ಬಣ್ಣಕ್ಕೇ ಲೈನು ಸಡಿಲಾದರೆ ಜಿಗ್ ತಳ ಮುಟ್ಟಿಲ್ಲ, ದಾರಿಯಲ್ಲೇ ಯಾವುದೋ ಮೀನು ಹಿಡಿದಿದೆ, ಕೂಡಲೇ ಸುತ್ತಿ. ಅಂಜಲ್ ಇರುವ ದಿನ ಲೀಡರಿನ ತುದಿಗೆ ಒಂದು ಗೇಣು ತಂತಿ ಇಲ್ಲದಿದ್ದರೆ ಅದರ ಹಲ್ಲಿಗೆ ಲೈನು ಕಡಿದು, ಜಿಗ್‌ಗಳನ್ನು ಎಣಿಸಿಕೊಂಡು ಕಡಲಿಗೆ ದಾನ ಮಾಡಿದ ಹಾಗೆ. ಕೊಕ್ಕರ್ ಮೀನಿಗೆ ತಂತಿ ಬೇಡ, ಕಂಡರೆ ಹತ್ತಿರ ಬರುವುದಿಲ್ಲ.

ರಾಡ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬಳೆಗಳ ಒಳಗೆ ಹತ್ತಿಯ ಉಂಡೆ ಹಾಯಿಸಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ.

ತೊಳೆಯುವ ರೀತಿಯಲ್ಲೇ ಬಹಳಷ್ಟು ರೀಲುಗಳು ಸಾಯುತ್ತವೆ. ಬಂದರಿನ ಪೈಪಿನಿಂದ ರಭಸವಾಗಿ ನೀರು ಬಿಟ್ಟರೆ ಹೊರಗಿದ್ದ ಉಪ್ಪು ಒಳಗೆ ಹೋಗುತ್ತದೆ. ಬಕೆಟ್ಟಿನಲ್ಲಿ ಮುಳುಗಿಸುವುದೂ ತಪ್ಪೇ. ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಮೆಲ್ಲಗೆ ಒಂದು ನಿಮಿಷ, ಲೈನ್ ರೋಲರಿಗೆ ಇನ್ನಷ್ಟು ಹೊತ್ತು. ಒರೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ ಇಡಿ. ಬಿಗಿಯಾಗಿಯೇ ಇಟ್ಟರೆ ವಾಷರ್‌ಗಳು ಒತ್ತಿಕೊಂಡು ಮುಂದಿನ ಸಲ ತಡೆತಡೆದು ಬಿಡುತ್ತವೆ. ಟ್ರೋಲಿಂಗ್ ದಿನ ಹಿಂಬದಿಯ ಹೋಲ್ಡರಿನಲ್ಲಿ ನಿಂತ ರೀಲಿನ ಮೇಲೆ ಗಂಟೆಗಟ್ಟಲೆ ಉಪ್ಪುನೀರಿನ ತುಂತುರು ಬೀಳುತ್ತಿರುತ್ತದೆ, ಅಂದು ಮೀನು ಸಿಗದಿದ್ದರೂ ತೊಳೆಯಲೇಬೇಕು.

ಪೂರ್ತಿ ಸರ್ವೀಸಿಗೆ ಸರಿಯಾದ ಕಾಲ ಮೀನುಗಾರಿಕೆ ನಿಷೇಧದ ಜೂನ್ 1ರಿಂದ ಜುಲೈ 31ರ ಮಳೆಗಾಲ. ಜೂನಿನ ಮೊದಲ ವಾರವೇ ಬಿಚ್ಚಿ, ಬೇಕಾದ ಬಿಡಿಭಾಗಕ್ಕೆ ಆಗಲೇ ಹೇಳಿಡಿ. ನಾಲ್ಕನೇ ಸೀಸನ್ನಿನಲ್ಲಿ ಬೇಲ್ ಸ್ಪ್ರಿಂಗ್ ಮುರಿಯಿತು, ಅಂಗೈಯ ಗೆರೆಯಷ್ಟು ಉದ್ದವೂ ಇಲ್ಲದ ತಂತಿ. ಕಂಪನಿಯ ಡೀಲರ್ ಬೇಲನ್ನು ಹೊತ್ತು ತಿರುಗುವ ಇಡೀ ರೋಟರ್ ತೆಗೆದುಕೊಳ್ಳಿ ಎಂದ, ಬರಲು ಏಳು ವಾರ. ಅಲ್ಲಿಯವರೆಗೆ ಬೇಲನ್ನು ಕೈಯಲ್ಲೇ ಮುಚ್ಚಿ ಕೆಲಸ ನಡೆಯಿತು. ಸಡಿಲ ಲೈನಿನಲ್ಲಿ ಗಾಳಿಗಂಟು ಬೀಳುವುದೂ ಕಡಿಮೆಯಾದ್ದರಿಂದ ಹೊಸ ಸ್ಪ್ರಿಂಗ್ ಬಂದ ಮೇಲೂ ಹಾಗೆಯೇ ಮುಚ್ಚುತ್ತಿದ್ದೇನೆ.