ಮುಚ್ಚದ ಟ್ಯಾಗಿಗೆ ನಾಲ್ಕು ಪಾರ್ಸರ್‌ಗಳ ನ್ಯಾಯ

ಗ್ರಂಥಾಲಯವೊಂದರ ಹಳೆಯ ಪುಸ್ತಕಪಟ್ಟಿ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಗುರುತುಭಾಷೆ) ಕಡತವಾಗಿ ನನ್ನ ಕೈಗೆ ಬಂತು. ಯಾರೋ ಕೈಯಾರೆ ಟೈಪು ಮಾಡಿದ್ದು. ಪ್ರತಿ ಸಾಲಿನಲ್ಲಿ ಕ್ರಮಸಂಖ್ಯೆ, ಶೀರ್ಷಿಕೆ, ವರ್ಷ. ಕೋಷ್ಟಕದ ಒಂದೊಂದು ಕೋಶವನ್ನು ಗುರುತಿಸುವ ಟಿಡಿ ಟ್ಯಾಗ್ ತೆರೆಯುತ್ತದೆ, ಮುಚ್ಚುವುದೇ ಇಲ್ಲ. ಅಲ್ಲಲ್ಲಿ ಎರಡು ಸಾಲುಗಳ ನಡುವೆ, ಯಾವ ಕೋಶಕ್ಕೂ ಸೇರದೆ, ‘ಇಲ್ಲಿಂದ ಮಕ್ಕಳ ಪುಸ್ತಕಗಳು’ ಎಂಬಂಥ ಬಿಡಿ ಮಾತು. ಇದನ್ನು ಪೈಥಾನ್ ಭಾಷೆಯಲ್ಲಿ ನಾಲ್ಕು ಪಾರ್ಸರ್‌ಗಳ, ಅಂದರೆ ಟ್ಯಾಗುಗಳನ್ನು ಓದಿ ಕಡತದ ರಚನೆಯನ್ನು ಮರದಂತೆ ಕಟ್ಟಿಕೊಡುವ ತಂತ್ರಾಂಶಗಳ, ಮುಂದಿಟ್ಟೆ.

ಎಕ್ಸ್‌ಎಂಎಲ್ ಎಂಬುದು ಎಚ್‌ಟಿಎಂಎಲ್ ಅನ್ನು ಹೋಲುವ, ಆದರೆ ಪ್ರತಿ ಟ್ಯಾಗನ್ನೂ ಮುಚ್ಚಲೇಬೇಕೆನ್ನುವ ಗುರುತುಭಾಷೆ. ಅದರ ಕಟ್ಟುನಿಟ್ಟಿನ ಪಾರ್ಸರ್ ಒಂಬತ್ತನೇ ಸಾಲಿನಲ್ಲೇ ಕೈಚೆಲ್ಲಿತು. ತಲೆಭಾಗದ ಮೆಟಾ ಟ್ಯಾಗ್ ಮುಚ್ಚಿರಲಿಲ್ಲ, ಅಷ್ಟೇ. ಪಟ್ಟಿಯ ಮುಖವನ್ನೂ ಅದು ನೋಡಲಿಲ್ಲ. ತಪ್ಪು ಅದರದಲ್ಲ. ರಚನೆ ಕೆಟ್ಟಿದ್ದರೆ ಮುಂದೆ ಹೋಗಕೂಡದು ಎಂಬುದು 1998ರ ಎಕ್ಸ್‌ಎಂಎಲ್ 1.0ರ ನಿಯಮವೇ. ಆದರೆ ಬರೆದವನ ತಪ್ಪಿಗೆ ಓದುವವನಿಗೆ ದಂಡ ಹಾಕುವ ಈ ನ್ಯಾಯ ನನಗೆ ಎಂದೂ ಹಿಡಿಸಿಲ್ಲ.

ಪೈಥಾನ್ ಜೊತೆಗೇ ಬರುವ ಪಾರ್ಸರನ್ನು ಬ್ಯೂಟಿಫುಲ್‌ಸೂಪ್ ಎಂಬ ಪೈಥಾನ್ ಸಲಕರಣೆಯ ಮೂಲಕ ಓಡಿಸಿದೆ. ಇದು ನಿಲ್ಲಲಿಲ್ಲ, ದೂರಲೂ ಇಲ್ಲ. ಡಬ್ಬಿಯೊಳಗೆ ಡಬ್ಬಿಯಂತೆ ಟಿಡಿಯೊಳಗೆ ಟಿಡಿ ತುಂಬಿತು. ಕ್ರಮಸಂಖ್ಯೆ ಕೇಳಿದರೆ ಸಂಖ್ಯೆ, ಶೀರ್ಷಿಕೆ, ವರ್ಷ ಮೂರೂ ಅಂಟಿಕೊಂಡು ಬಂದವು. ಸಾಲಿಗೆ ಮೂರು ಕೋಶ ಎಂಬ ಎಣಿಕೆ ಮಾತ್ರ ಸರಿಯಾಗಿತ್ತು. ಹಾಗಾಗಿ ನನಗೆ ಗೊತ್ತಾದದ್ದೇ ತಡವಾಗಿ. ಸದ್ದಿಲ್ಲದ ತಪ್ಪಿಗಿಂತ ಎಕ್ಸ್‌ಎಂಎಲ್‌ನ ಜಗಳವೇ ಮೇಲು. ಅಂದಹಾಗೆ, ಟಿಡಿಯನ್ನು ಮುಚ್ಚದಿರುವುದು ಎಚ್‌ಟಿಎಂಎಲ್‌ನಲ್ಲಿ ತಪ್ಪೇ ಅಲ್ಲ. ಮುಚ್ಚುವ ಟ್ಯಾಗ್ ಅಲ್ಲಿ ಐಚ್ಛಿಕ.

ಮೂರನೆಯ ಪಾರ್ಸರ್ ಎಚ್‌ಟಿಎಂಎಲ್5ಲಿಬ್ ಬ್ರೌಸರಿನಂತೆಯೇ ನಡೆಯುತ್ತದೆ. ತಪ್ಪಿದ ಗುರುತನ್ನು ಹೇಗೆ ತಿದ್ದಬೇಕೆಂದು ಎಚ್‌ಟಿಎಂಎಲ್ ಮಾನಕ ಹೆಜ್ಜೆ ಹೆಜ್ಜೆಗೂ ಹೇಳುತ್ತದೆ; ಇದು ಅಕ್ಷರಶಃ ಪಾಲಿಸುತ್ತದೆ. ಶುದ್ಧ ಪೈಥಾನ್‌ನದ್ದಾದ್ದರಿಂದ ನಿಧಾನ, ಅದು ಇರಲಿ. ಕೋಶಗಳೆಲ್ಲ ಬೇರೆಬೇರೆಯಾಗಿ ಬಂದವು, ಕಡತದಲ್ಲಿ ಇಲ್ಲದ, ಕೋಷ್ಟಕದ ಸಾಲುಗಳನ್ನು ಒಟ್ಟಿಗೆ ಸುತ್ತುವ ಟಿಬಾಡಿ ಟ್ಯಾಗೂ ಬಂತು. ಆದರೆ ‘ಇಲ್ಲಿಂದ ಮಕ್ಕಳ ಪುಸ್ತಕಗಳು’ ಎಲ್ಲಿ? ಕೋಷ್ಟಕದಿಂದ ಹೊರಬಿದ್ದು, ಉಳಿದ ಬಿಡಿ ಮಾತುಗಳ ಜೊತೆ ಅದರ ನೆತ್ತಿಯ ಮೇಲೆ ಗುಂಪಾಗಿ ನಿಂತಿತ್ತು. ಮಾನಕದ ಭಾಷೆಯಲ್ಲಿ ಇದು ಸಾಕುಪೋಷಕರಿಗೆ ಒಪ್ಪಿಸುವ ಕ್ರಮ: ಕೋಷ್ಟಕದಲ್ಲಿ ಜಾಗವಿಲ್ಲದ ಮಾತನ್ನು ಅದರ ಮುಂದಕ್ಕೆ ಸಾಗಿಸುವುದು. ನಿಯಮ ಪಾಲನೆಯಾಯಿತು, ‘ಇಲ್ಲಿಂದ’ ಎಂದರೆ ಎಲ್ಲಿಂದ ಎಂಬುದು ಕಳೆದುಹೋಯಿತು.

ನಾಲ್ಕನೆಯದಾದ ಎಲ್‌ಎಕ್ಸ್‌ಎಂಎಲ್ ಚುರುಕು, ಅದರ ಬೆನ್ನಿಗಿರುವುದು ಸಿ ಭಾಷೆಯ ಲಿಬ್‌ಎಕ್ಸ್‌ಎಂಎಲ್2. ಹೊಸ ಟಿಡಿ ಕಂಡೊಡನೆ ಹಿಂದಿನದನ್ನು ತಾನೇ ಮುಚ್ಚಿತು, ಬಿಡಿ ಮಾತನ್ನು ಇದ್ದಲ್ಲೇ ಬಿಟ್ಟಿತು. ಮಾನಕ ಇದನ್ನು ಒಪ್ಪುವುದಿಲ್ಲ, ನನ್ನ ಪಟ್ಟಿಗೆ ಬೇಕಾದದ್ದು ಇದೇ. ಒಂದೇ ಕಿರಿಕಿರಿ: ಬ್ರೌಸರಿನಿಂದ ನಕಲಿಸಿದ ಎಕ್ಸ್‌ಪಾಥ್‌ನಲ್ಲಿ, ಅಂದರೆ ಮರದೊಳಗೆ ಬೇಕಾದ ಭಾಗಕ್ಕೆ ಹೋಗುವ ದಾರಿಯಲ್ಲಿ, ಟಿಬಾಡಿ ಇರುತ್ತದೆ, ಇದು ಕಟ್ಟಿದ ಮರದಲ್ಲಿ ಇರುವುದಿಲ್ಲ. ಉತ್ತರ ಖಾಲಿ ಪಟ್ಟಿ. ಅರ್ಧ ಗಂಟೆ ತಲೆ ಕೆರೆದುಕೊಂಡು, ದಾರಿಯಿಂದ ಆ ಒಂದು ಪದ ಅಳಿಸಿದೆ.

ಬ್ರೌಸರಿನಲ್ಲಿ ಕಾಣುವುದೇ ಬೇಕೆಂದರೆ ಎಚ್‌ಟಿಎಂಎಲ್5ಲಿಬ್ ಬಿಟ್ಟು ಬೇರೆಯದನ್ನು ನಾನು ಮುಟ್ಟುವುದಿಲ್ಲ. ಈ ಪಟ್ಟಿಯನ್ನು ಮಾತ್ರ ಎಲ್‌ಎಕ್ಸ್‌ಎಂಎಲ್‌ಗೆ ಒಪ್ಪಿಸಿದೆ. ಮಕ್ಕಳ ಪುಸ್ತಕಗಳು ಮಕ್ಕಳ ಕಪಾಟಿನಲ್ಲೇ ಉಳಿದವು.