ಮಾನಸಿಕ ಯಾತನೆಯ ಸಮೀಕ್ಷೆಯೋ, ಚಾಲಕರ ಕಾನೂನು ಪಾಲನೆಯ ಸಮೀಕ್ಷೆಯೋ?

ಸಂಶೋಧನೆಗೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವವರು ಮೊದಲು ಅಳತೆಗೋಲನ್ನು ಗಮನಿಸಬೇಕು. ಮಾನಸಿಕ ಯಾತನೆಗೆ ಅದು ಸಿದ್ಧವಾಗಿದೆ. ರೊನಾಲ್ಡ್ ಕೆಸ್ಲರ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಕೆ10 ಪ್ರಶ್ನಾವಳಿಯು ಕಳೆದ 30 ದಿನಗಳಲ್ಲಿ ಹತಾಶೆ, ಚಡಪಡಿಕೆ, ಕಾರಣವಿಲ್ಲದ ಆಯಾಸ ಮುಂತಾದವು ಎಷ್ಟು ಬಾರಿ ಕಾಡಿದವೆಂದು 10 ಪ್ರಶ್ನೆಗಳಲ್ಲಿ ಕೇಳುತ್ತದೆ. ಪ್ರತಿ ಉತ್ತರಕ್ಕೆ 1ರಿಂದ 5 ಅಂಕ ನೀಡಿದರೆ ಒಟ್ಟು ಮೊತ್ತ 10ರಿಂದ 50ರೊಳಗೆ ಬರುತ್ತದೆ. ಇದು ರೋಗನಿರ್ಣಯವಲ್ಲ, ಯಾತನೆಯ ಮಟ್ಟದ ಸೂಚನೆ ಮಾತ್ರ.

ಚಾಲಕರ ವಿಷಯದಲ್ಲಿ ಅಳತೆ ಕಷ್ಟ, ಆದರೆ ಪ್ರಶ್ನೆ ಹೆಚ್ಚು ಶ್ರೀಮಂತ. ಜನರು ವೇಗಮಿತಿಯನ್ನು ದಂಡದ ಭಯದಿಂದ ಪಾಲಿಸುತ್ತಾರೆಯೇ, ಅಥವಾ ಕಾನೂನು ನ್ಯಾಯಯುತವೆಂಬ ನಂಬಿಕೆಯಿಂದಲೇ? ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ 1984ರಲ್ಲಿ ಷಿಕಾಗೋದ 1,575 ನಿವಾಸಿಗಳನ್ನು ಸಂದರ್ಶಿಸಿ, ವರ್ಷದ ನಂತರ ಅವರಲ್ಲಿ 804 ಮಂದಿಯನ್ನು ಮತ್ತೆ ಮಾತನಾಡಿಸಿದರು. ಅತಿವೇಗ, ಕುಡಿದು ವಾಹನ ಚಾಲನೆ, ಅಕ್ರಮ ನಿಲುಗಡೆಗಳೂ ಸೇರಿದ್ದ ಆ ಅಧ್ಯಯನದಲ್ಲಿ ಸಿಕ್ಕಿಬೀಳುವ ಭಯಕ್ಕಿಂತ ನೈತಿಕತೆ ಮತ್ತು ಅಧಿಕಾರದಲ್ಲಿರುವವರ ಮಾತು ಪಾಲಿಸತಕ್ಕದ್ದೆಂಬ ನಂಬಿಕೆಗಳೇ ಹೆಚ್ಚು ತೂಗಿದವು. ಆದರೂ ತಪ್ಪನ್ನು ಒಪ್ಪಿಕೊಳ್ಳಲು ಹಿಂಜರಿಯುವವರು ಉತ್ತರವನ್ನು ತಿದ್ದಿ ಹೇಳುವುದರಿಂದ, ಹೆಸರು ಕೇಳದಿರುವುದು ಅಗತ್ಯ.

ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು ಹೊಣೆ. ಯಾತನೆಯ ಸಮೀಕ್ಷೆಯಲ್ಲಿ ತೀವ್ರ ಸಂಕಟದಲ್ಲಿರುವ ಒಬ್ಬರಾದರೂ ಎದುರಾಗಬಹುದು. ಅವರನ್ನು ಯಾರ ಬಳಿಗೆ ಕಳುಹಿಸಬೇಕೆಂಬುದು ಮೊದಲ ಪ್ರಶ್ನೆ ಕೇಳುವ ಮುನ್ನವೇ ತೀರ್ಮಾನವಾಗಿರಬೇಕು. ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಬೆಂಬಲವಿಲ್ಲದ ಹೊಸಬರಿಗೆ ನಾನು ಚಾಲಕರ ವಿಷಯವನ್ನೇ ಸೂಚಿಸುತ್ತೇನೆ.