ಹಣ್ಣಾಗೋ ಮೊದ್ಲೇ ಕುಯ್ದ ಗೇಮು

ಸೋಮವಾರಪೇಟೆ ಹತ್ರ ತೋಟದ ಮನೆ ನಮ್ದು, ನೆಟ್ ಸ್ಲೋ ಅಂತಾನೇ ಈ ಗೇಮಿನ ಡಿಸ್ಕ್ ತಗೊಂಡಿದ್ದು, ತಮ್ಮ ಮಡಿಕೇರಿಯಿಂದ ತಂದ, ನಾಲ್ಕು ಸಾವಿರ ರೂಪಾಯಿ. ಹಾಕಿದ್ರೆ ಮೊದ್ಲು 38 ಜಿಬಿ ಅಪ್‌ಡೇಟ್ ಇಳಿಸ್ಕೋ ಅಂತು. ಈ ಮಳೇಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತೆ, ಕರೆಂಟ್ ಬಂದ್ರೆ ಟವರ್ ಇರಲ್ಲ, ಅಂತೂ ಇಂತೂ ಇಳಿಯೋಕೆ ಐದು ದಿನ ಆಯ್ತು, ಆಮೇಲೂ ಎರಡನೇ ಮಿಷನ್‌ನಲ್ಲಿ ಗಾಡಿ ರಸ್ತೆ ಒಳಗೇ ಮುಳುಗೋಗುತ್ತೆ, ಆಡಿದ್ದಷ್ಟು ಉಳಿಸಿಟ್ಟ ಸೇವ್ ಎರಡು ಸಲ ಹಾಳಾಯ್ತು.

ಕಥೆ, ಮ್ಯೂಸಿಕ್ ನಿಜವಾಗ್ಲೂ ಚೆನ್ನಾಗಿದೆ, ಅದಕ್ಕೇ ಜಾಸ್ತಿ ಬೇಜಾರು. ಕಾಫಿ ಹಸಿರು ಕಾಯಿ ಕುಯ್ದು ಕೊಟ್ರೆ ನಮ್ಗೆ ಯಾರಾದ್ರೂ ಹಣ್ಣಿನ ರೇಟ್ ಕೊಡ್ತಾರಾ?

2020 ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಅನ್ನೋ ಗೇಮ್ ಹೀಗೇ ಅರ್ಧಂಬರ್ಧ ಬಂದಾಗ ಸೋನಿಯವ್ರು ಒಂದೇ ವಾರಕ್ಕೆ ಅವರ ಪ್ಲೇಸ್ಟೇಷನ್ ಸ್ಟೋರಿಂದ ತೆಗ್ದು ದುಡ್ಡು ವಾಪಸ್ ಅಂದಿದ್ರು. ಮುಗ್ದಿಲ್ಲ ಅಂತ ಹೇಳಿ ಮಾರೋದು ಬೇರೆ, ಬಾಲ್ಡರ್ಸ್ ಗೇಟ್ 3 ಅನ್ನೋ ಗೇಮ್ ಹತ್ರತ್ರ ಮೂರು ವರ್ಷ ಅರ್ಲಿ ಆಕ್ಸೆಸ್‌ನಲ್ಲೇ, ಅಂದ್ರೆ ಮುಗಿಯೋ ಮೊದ್ಲೇ ಮಾರೋ ರೀತೀಲೇ ಇತ್ತು, ತಗೊಂಡೋರಿಗೆ ಗೊತ್ತಿತ್ತು.

ಪಿಸಿ ಇರೋರು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ತಗೊಳ್ಳಿ, 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ ರೀಫಂಡ್ ಕೇಳ್ಬೋದು. ನನ್ನ ಡಿಸ್ಕ್ ಕವರ್ ಬಿಚ್ಚಿದೆ ಅಂತ ಅಂಗಡೀಲಿ ವಾಪಸ್ ತಗೊಳ್ಳಿಲ್ಲ. ಐದಕ್ಕೆ ಎರಡು ಸ್ಟಾರ್, ಅದೂ ಮ್ಯೂಸಿಕ್‌ಗೆ.